ಮನೆ ಮಾರಿದ್ದು ಇಬ್ಬರು, ಹೊರಟದ್ದು ಎಲ್ಲರೂ

ಈ ಸಲದ ಪತ್ರಗಳಲ್ಲಿ ಜಾಸ್ತಿ ಬಂದದ್ದು ಮನೆ ಮಾರುವವರದ್ದು, ಇಲ್ಲವೇ ಮಾರಿ ಹೊಸ ಮನೆಗೆ ಹೊರಟವರದ್ದು. ಹಾಗಾಗಿ ಬೇರೆಲ್ಲ ಬದಿಗಿಟ್ಟು ಇದನ್ನೇ ಹಿಡಿದಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ಈ ಅಂಕಣಕ್ಕೆ ಕೂರುವ ಮೊದಲು ನಾನು ಮನೆ ಸಾಮಾನು ಸಾಗಿಸುವ ಒಂದು ಸಣ್ಣ ತಂಡದ ಮೇಲ್ವಿಚಾರಕಿಯಾಗಿದ್ದೆ. ಯಾರ ಮಂಚದ ಕೆಳಗೆ ಏನಿರುತ್ತದೆ ಅನ್ನುವುದು ನನಗೆ ಗೊತ್ತಿದ್ದಷ್ಟು ಅವರ ನೆಂಟರಿಗೂ ಗೊತ್ತಿರಲಿಕ್ಕಿಲ್ಲ. ಆಗಲೇ ಗಮನಿಸಿದ್ದು ಒಂದಿದೆ. ಮನೆ ಮಾರಬೇಕು ಅಂತ ತೀರ್ಮಾನ ಮಾಡುವವರು ಒಬ್ಬರೋ ಇಬ್ಬರೋ. ಗಂಟುಮೂಟೆ ಕಟ್ಟಬೇಕಾದವರು ಮನೆಮಂದಿಯೆಲ್ಲ. ರಗಳೆ ಶುರುವಾಗುವುದು ಸಾಮಾನ್ಯವಾಗಿ ತೀರ್ಮಾನದಲ್ಲಿ ಇಲ್ಲದವರ ಕಡೆಯಿಂದ. ಈ ಕಂತೆಯಲ್ಲಿ ಅಂಥವರ ಪತ್ರವೂ ಇದೆ. ಅದನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ.

ಪ್ರಶ್ನೆ: ನಮ್ಮ ಮನೆ ಮಾರಾಟಕ್ಕಿಟ್ಟು ಎಂಟು ತಿಂಗಳಾಯಿತು. ಇದೇ ಬೀದಿಯಲ್ಲಿ ಇಂಥವೇ ಎರಡು ಮನೆ ಅಷ್ಟರಲ್ಲಿ ಮಾರಾಟವಾದವು. ನಮ್ಮವರು ಹೇಳುವ ಬೆಲೆ ಅವೆರಡಕ್ಕಿಂತ ಬಹಳ ಜಾಸ್ತಿ. ಕೇಳಿದರೆ ‘ಈ ಮನೆಗೆ ನಾನು ಏನೇನು ಮಾಡಿಸಿದ್ದೇನೆ ಗೊತ್ತಾ’ ಅನ್ನುತ್ತಾರೆ. 22 ವರ್ಷ ಇದ್ದ ಮನೆ. ಹೊಸ ಮನೆಗೆ ಮುಂಗಡ ಕೊಟ್ಟಾಗಿದೆ. ದಿನಾ ಇದೇ ಜಗಳ. ಹೇಗೆ ಹೇಳಲಿ?

ಉತ್ತರ: ನಿಮ್ಮವರು ಹಟಮಾರಿ ಅಂತ ಹಣೆಪಟ್ಟಿ ಹಚ್ಚುವ ಮೊದಲು ಒಂದು ಪ್ರಯೋಗದ ಕಥೆ ಕೇಳಿ. ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಷ್, ರಿಚರ್ಡ್ ಥೇಲರ್ ಅನ್ನುವ ಮೂವರು 1990ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳ ಗುಂಪಿನಲ್ಲಿ ಅರ್ಧ ಜನಕ್ಕೆ ಒಂದೊಂದು ಮಗ್ ಸುಮ್ನೆ ಕೊಟ್ಟರು. ಆಮೇಲೆ ಸಿಕ್ಕವರನ್ನು ‘ಎಷ್ಟಕ್ಕೆ ಮಾರುತ್ತೀರಿ’ ಅಂತ ಕೇಳಿದರು, ಸಿಗದವರನ್ನು ‘ಎಷ್ಟು ಕೊಟ್ಟು ಕೊಳ್ಳುತ್ತೀರಿ’ ಅಂತ ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಹೆಚ್ಚುಕಡಿಮೆ ಎರಡರಷ್ಟಿತ್ತು. ಆ ಮಗ್ ಅವರ ಕೈಗೆ ಬಂದು ಇನ್ನೂ ಸ್ವಲ್ಪ ಹೊತ್ತಾಗಿತ್ತು ಅಷ್ಟೆ. ನಿಮ್ಮವರ ಕೈಯಲ್ಲಿ ಈ ಮನೆ 22 ವರ್ಷ ಇದೆ. ಅವರು ಎರಡರಷ್ಟು ಹೇಳುತ್ತಿಲ್ಲ ಅಂದರೆ ಅದೇ ಪುಣ್ಯ.

ಅವರ ಪರವಾಗಿಯೂ ಒಂದು ಮಾತಿದೆ. 1990ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮನೆ ಬೆಲೆ ಬಿದ್ದಿತ್ತು. ಆಗಿನ ಮಾರಾಟಗಳ ಲೆಕ್ಕವನ್ನು ಡೇವಿಡ್ ಜೆನೆಸೋವ್, ಕ್ರಿಸ್ಟಫರ್ ಮೇಯರ್ ಎಂಬಿಬ್ಬರು 2001ರಲ್ಲಿ ಬರೆದರು. ಕೊಂಡದ್ದಕ್ಕಿಂತ ಕಡಿಮೆಗೆ ಕೊಡಬೇಕಾಗಿ ಬಂದವರು ಬೆಲೆ ಏರಿಸಿಯೇ ಹೇಳಿದ್ದರು. ಮಾರಾಟ ಆದಾಗ ಅವರಿಗೆ ನಾಲ್ಕು ಕಾಸು ಜಾಸ್ತಿ ಸಿಕ್ಕಿದ್ದೂ ನಿಜ. ಆದರೆ ಅವರ ಮನೆಗಳು ಜಾಸ್ತಿ ದಿನ ಗಿರಾಕಿ ಇಲ್ಲದೆ ಉಳಿದವು. ಕಾಯುವ ತಾಕತ್ತು ಇರುವವರು ಕಾಯಬಹುದು. ನೀವು ಮುಂಗಡ ಕೊಟ್ಟು ಕೂತಿದ್ದೀರಿ. ನಿಮಗೆ ಪ್ರತಿ ತಿಂಗಳಿಗೂ ಖರ್ಚಿದೆ. ಆ ಖರ್ಚನ್ನು ಒಂದು ಕಾಗದದ ಮೇಲೆ ಬರೆಯಿರಿ. ಬಡ್ಡಿ, ತೆರಿಗೆ, ರಿಪೇರಿ, ಮುಂಗಡ ಮುಳುಗಿದರೆ ಆಗುವ ನಷ್ಟ. ಕೂಡಿಸಿ ಅವರ ಮುಂದಿಡಿ. ಬಾಯಲ್ಲಿ ಹೇಳಬೇಡಿ. ಬಾಯಲ್ಲಿ ಹೇಳಿದರೆ ಅದು ಹೆಂಡತಿಯ ಮಾತು, ಕಾಗದದ ಮೇಲಿದ್ದರೆ ಲೆಕ್ಕ.

ಇನ್ನೊಂದು ಉಪಾಯ ನನಗೆ ಇನ್ನೂ ಇಷ್ಟ. ಅವರನ್ನು ಕೊಳ್ಳುವವರ ವೇಷದಲ್ಲಿ ಕರೆದುಕೊಂಡು ಹೋಗಿ. ನಿಮ್ಮದೇ ಅಳತೆಯ, ನಿಮ್ಮದೇ ವಯಸ್ಸಿನ ಮೂರ್ನಾಲ್ಕು ಮನೆ ನೋಡಿ ಬನ್ನಿ. ಬೇರೆಯವರ ಬಚ್ಚಲಿನ ಬಿರುಕು ಎಷ್ಟು ಬೇಗ ಕಣ್ಣಿಗೆ ಬೀಳುತ್ತದೆ ಅಂತ ಅವರೇ ನೋಡಲಿ. ಬಂದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಇವತ್ತು ನೀವು ಹೇಳುವಷ್ಟು ದುಡ್ಡು ಕೈಯಲ್ಲಿದ್ದರೆ, ಅದನ್ನು ಕೊಟ್ಟು ಈ ನಮ್ಮ ಮನೆಯನ್ನೇ ಕೊಳ್ಳುತ್ತಿದ್ದಿರಾ?’

ದಲ್ಲಾಳಿಗಳಿಂದ ಅಂದಾಜು ಕೇಳುವುದಾದರೆ ನಿಮ್ಮ ಬೆಲೆಯನ್ನು ಮೊದಲೇ ಉಸುರಬೇಡಿ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್, ಮಾರ್ಗರೆಟ್ ನೀಲ್ ಇದನ್ನೇ ಪರೀಕ್ಷೆ ಮಾಡಿದ್ದರು. ಒಂದೇ ಮನೆ, ಕಾಗದದಲ್ಲಿ ಬೇರೆ ಬೇರೆ ಕೇಳುವ ಬೆಲೆ. ಅನುಭವಿ ದಲ್ಲಾಳಿಗಳ ಅಂದಾಜು ಕೂಡ ಆ ಬೆಲೆಯ ಹಿಂದೆಯೇ ಏರಿತು, ಇಳಿಯಿತು. ‘ಬೆಲೆ ನೋಡಿ ನಾವು ಅಂದಾಜು ಮಾಡಲಿಲ್ಲ’ ಅಂತ ಅವರಲ್ಲಿ ಬಹಳ ಜನ ಹೇಳಿದರು. ಪಾಪ, ಅವರು ಸುಳ್ಳೇನೂ ಹೇಳುತ್ತಿರಲಿಲ್ಲ. ಮನಸ್ಸಿಗೆ ಸಂಖ್ಯೆ ಒಮ್ಮೆ ಅಂಟಿಕೊಂಡರೆ ತಿಳಿಯುವುದೇ ಇಲ್ಲ.

ಪ್ರಶ್ನೆ: ನನ್ನ ಅತ್ತೆಗೆ 78. ಮದುವೆಯಾಗಿ ಬಂದದ್ದೇ ಈ ಮನೆಗೆ. ಮಾರುವ ವಿಷಯ ಅವರಿಗೆ ಇನ್ನೂ ಹೇಳಿಲ್ಲ. ಎಲ್ಲ ಮುಗಿದು ಲಾರಿ ಬರುವ ಹಿಂದಿನ ದಿನ ಹೇಳಿದರೆ ಸಂಕಟ ಕಡಿಮೆ ಅಂತ ನಾದಿನಿ ಹೇಳುತ್ತಾಳೆ. ಹೊಸ ಮನೆ ಚಿಕ್ಕದು. ಅವರ ದೊಡ್ಡ ಕಪಾಟು ಅಲ್ಲಿ ಹಿಡಿಸುವುದು ಕಷ್ಟ. ಏನು ಮಾಡಲಿ?

ಉತ್ತರ: ಸಂಕಟ ಕಡಿಮೆಯಾಗುವುದು ನಾದಿನಿಗೆ, ಅತ್ತೆಗಲ್ಲ. ಮೊದಲಿಗೆ, ಮನೆಯಲ್ಲಿ ಅವರಿಗೆ ಪಾಲು ಇದ್ದರೆ ಅವರ ಸಹಿ ಇಲ್ಲದೆ ಮಾತೇ ಮುಂದೆ ಹೋಗುವುದಿಲ್ಲ, ಅದನ್ನು ನೋಡಿಕೊಳ್ಳಿ. ಪಾಲು ಇಲ್ಲದಿದ್ದರೂ ಹೇಳಿ. ಇವತ್ತೇ ಹೇಳಿ.

ನಮ್ಮ ತಂಡ ಒಂದು ಮನೆಗೆ ಹೋಗಿದ್ದಾಗ ಒಬ್ಬ ಅಜ್ಜನಿಗೆ ವಿಷಯ ಗೊತ್ತಾದದ್ದೇ ನಮ್ಮ ಹುಡುಗರು ಮಂಚದ ಬೋಲ್ಟು ಬಿಚ್ಚಿದಾಗ. ಅವರು ಅಳಲಿಲ್ಲ, ಕೂಗಲಿಲ್ಲ. ಮಂಚದ ಮೇಲೆಯೇ ಕೂತರು. ಎಷ್ಟು ಹೇಳಿದರೂ ಏಳಲಿಲ್ಲ. ಮಗನಿಗೆ ನಮ್ಮೆಲ್ಲರ ಎದುರು ನಾಚಿಕೆ, ಸಿಟ್ಟು. ಕೊನೆಗೆ ನಮ್ಮ ಹುಡುಗನೊಬ್ಬ ಪಕ್ಕದಲ್ಲಿ ಕೂತು, ‘ಅಜ್ಜಾ, ಹೊಸ ಮನೆಯಲ್ಲಿ ಮಂಚ ಯಾವ ಕಡೆ ಹಾಕಬೇಕು, ನೀವೇ ಹೇಳಿ’ ಅಂದ. ಅಜ್ಜ ಎದ್ದರು. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಅಂತ ವಿಚಾರಿಸಿದರು. ಅವರಿಗೆ ಬೇಕಾಗಿದ್ದದ್ದು ಹಳೆ ಮನೆಯೋ, ಅಥವಾ ಯಾರಾದರೂ ತಮ್ಮನ್ನು ಒಂದು ಮಾತು ಕೇಳುವುದೋ, ನೀವೇ ಯೋಚಿಸಿ.

ವಯಸ್ಸಾದವರ ನೆನಪುಗಳ ಬಗ್ಗೆ ಮನಶ್ಶಾಸ್ತ್ರದವರು ಹೇಳುವ ಎರಡು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತವೆ. ಒಂದು, ಮನುಷ್ಯರಿಗೆ 10ರಿಂದ 30 ವರ್ಷದ ನಡುವಿನ ನೆನಪುಗಳು ಉಳಿದ ವಯಸ್ಸಿನವಕ್ಕಿಂತ ದಟ್ಟವಾಗಿರುತ್ತವೆ. ನಿಮ್ಮ ಅತ್ತೆಯ ಆ ವರ್ಷಗಳಲ್ಲಿ ದೊಡ್ಡ ಪಾಲು ಇದೇ ಗೋಡೆಗಳೊಳಗೆ ಕಳೆದಿದೆ. ಆದ್ದರಿಂದ ಅವರು ಬಿಡುತ್ತಿರುವ ಮನೆ ನೀವು ಬಿಡುತ್ತಿರುವ ಮನೆ ಅಲ್ಲ. ಎರಡನೆಯದು, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಬರೆದದ್ದು. ವಯಸ್ಸಾದವರಿಗೆ ತಮ್ಮ 40ರಿಂದ 60ರ ವಯಸ್ಸಿನ ಮುಖ್ಯ ಘಟನೆಗಳನ್ನು ನೆನಪಿಸಿಕೊಳ್ಳಲು ಹೇಳಿದರೆ, ಅವರು ಹೇಳಿದ್ದರಲ್ಲಿ ಬಹಳಷ್ಟು ಮನೆ ಬದಲಾಯಿಸಿದ ಕಾಲದ ಸುತ್ತಮುತ್ತಲಿನವು. ಮನೆ ಬದಲಾವಣೆ ನೆನಪಿಗೆ ಗುರುತು ಹಾಕಿಕೊಡುತ್ತದೆ. ಅಂದರೆ ಈ ಸಾಗಾಟ ನಿಮಗೂ ನಿಮ್ಮ ಗಂಡನಿಗೂ ಮುಂದೆ ಬಹಳ ದಿನ ನೆನಪಿರುತ್ತದೆ. ಅಮ್ಮನಿಗೆ ಹಿಂದಿನ ದಿನ ಹೇಳಿ ಹೊರಡಿಸಿದೆವು ಅನ್ನುವುದೂ ಅದರ ಜೊತೆಯೇ ಇರುತ್ತದೆ.

ಈಗ ಕೆಲಸದ ಮಾತು. ಹೊಸ ಮನೆಗೆ ಅವರನ್ನು ಮೊದಲೇ ಎರಡು ಮೂರು ಸಲ ಕರೆದೊಯ್ಯಿರಿ. ಹಗಲಿನಲ್ಲಿ ಒಮ್ಮೆ, ದೀಪ ಹಚ್ಚಿದ ಮೇಲೆ ಒಮ್ಮೆ. ಯಾವ ಕೋಣೆ ಅಂತ ಅವರೇ ಆರಿಸಲಿ. ಲಾರಿಯಿಂದ ಮೊದಲು ಇಳಿಯಬೇಕಾದ್ದು ಅವರ ಸಾಮಾನು. ಹಾಲ್ ಎಷ್ಟು ಹರಡಿಕೊಂಡಿದ್ದರೂ ಪರವಾಗಿಲ್ಲ, ಅವರ ಕೋಣೆ ಸಂಜೆಯೊಳಗೆ ಸಿದ್ಧವಾಗಬೇಕು. ಮಂಚದಿಂದ ಅವರು ಯಾವ ಮಗ್ಗುಲಲ್ಲಿ ಇಳಿಯುತ್ತಾರೋ ಇಲ್ಲೂ ಅದೇ ಮಗ್ಗುಲು. ಬಚ್ಚಲಿನ ದಾರಿ ಹಳೆ ಮನೆಯಲ್ಲಿ ಎಡಕ್ಕಿದ್ದರೆ ಸಾಧ್ಯವಾದಷ್ಟೂ ಎಡಕ್ಕೇ ಇರುವಂತೆ ಮಂಚ ಹಾಕಿ. ಆ ದಾರಿಯಲ್ಲಿ ರಾತ್ರಿಯಿಡೀ ಒಂದು ಸಣ್ಣ ದೀಪ, ನೆಲದ ಮೇಲೆ ಚಾಪೆ, ವೈರು ಏನೂ ಬೇಡ. ವಯಸ್ಸಾದವರಿಗೆ ಹೊಸ ಮನೆಯಲ್ಲಿ ನಿಜವಾದ ಅಪಾಯ ಇರುವುದು ನಡುರಾತ್ರಿಯ ಕತ್ತಲಲ್ಲಿ ಬೀಳುವುದರಲ್ಲಿ.

ಕಪಾಟು? ತೆಗೆದುಕೊಂಡು ಹೋಗಿ. ನಿಮ್ಮ ಸೋಫಾ ಬಿಡಿ. ಅತ್ತೆಯ ಪೆಟ್ಟಿಗೆಯನ್ನು ಅವರಿಲ್ಲದಾಗ ತೆರೆದು ‘ಬೇಕಾದ್ದು, ಬೇಡದ್ದು’ ಅಂತ ವಿಂಗಡಿಸುವ ಉತ್ಸಾಹ ಯಾರಿಗಾದರೂ ಬಂದರೆ ತಡೆಯಿರಿ.

ಅವರಿಗೆ ಮರೆವಿನ ಕಾಯಿಲೆ ಇದ್ದರೆ ಮಾತ್ರ ದಾರಿ ಬೇರೆ. ಆಗ ತಿಂಗಳ ಮೊದಲೇ ಹೇಳಿ ದಿನಾ ಹೊಸದಾಗಿ ಕಳವಳ ಹುಟ್ಟಿಸುವುದರಲ್ಲಿ ಅರ್ಥವಿಲ್ಲ. ನೋಡುವ ವೈದ್ಯರನ್ನು ಕೇಳಿ, ಹೊರಡುವ ದಿನದ ಹತ್ತಿರ ಹೇಳಿ. ಸಾಮಾನು ಕಟ್ಟುವ ಗಲಾಟೆಯಿಂದ ಅವರನ್ನು ದೂರವಿಡಿ. ಕೋಣೆಯನ್ನು ಹಳೆಯದರಂತೆಯೇ ಜೋಡಿಸಿದ ಮೇಲೆ ಕರೆತನ್ನಿ.

ಪ್ರಶ್ನೆ: ನನಗೆ 11 ವರ್ಷ. ಅಪ್ಪ ಅಮ್ಮ ಮನೆ ಮಾರಿದರು. ನನ್ನನ್ನು ಯಾರೂ ಕೇಳಲಿಲ್ಲ. ಶಾಲೆಯೂ ಬೇರೆ. ‘ನಿನಗೇನು, ಆರಾಮಾಗಿ ಇರ್ತೀಯ, ನಮಗೇ ಟೆನ್ಷನ್’ ಅಂತ ಅಪ್ಪ ಹೇಳುತ್ತಾರೆ. ಇದು ಸರಿಯಾ?

ಉತ್ತರ: ಸರಿಯಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ, ಈ ಪುಟವನ್ನು ಅಪ್ಪನಿಗೆ ಕೊಡು. ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಅಂತ ಇಬ್ಬರು ಮನೋವೈದ್ಯರಿದ್ದರು. 1967ರಲ್ಲಿ ಅವರು ಒಂದು ಪಟ್ಟಿ ಮಾಡಿದರು. ಜೀವನದಲ್ಲಿ ಆಗುವ 43 ಬದಲಾವಣೆಗಳಿಗೆ, ಯಾವುದು ಎಷ್ಟು ತ್ರಾಸ ಕೊಡುತ್ತದೆ ಅಂತ ಅಂಕ. ಗಂಡನೋ ಹೆಂಡತಿಯೋ ತೀರಿಕೊಂಡರೆ 100, ಎಲ್ಲಕ್ಕಿಂತ ಜಾಸ್ತಿ. ಮದುವೆಗೆ 50. ಮನೆ ಬದಲಾಯಿಸಿದರೆ 20. ಶಾಲೆ ಬದಲಾಯಿಸಿದರೂ 20. ಈಗ ಕೂಡಿಸು. ನಿನಗೆ 40, ಅಪ್ಪನಿಗೆ 20. ಆ ಪಟ್ಟಿ ದೊಡ್ಡವರನ್ನು ಕೇಳಿ ಮಾಡಿದ್ದು, ಆದರೂ ನಿನ್ನ ವಾದಕ್ಕೆ ಸಾಕು.

ಅಪ್ಪ ಹೊಸ ಮನೆಗೆ ದೊಡ್ಡ ಸಾಲ ಮಾಡಿದ್ದರೆ ಅದಕ್ಕೆ ಬೇರೆ 31 ಅಂಕ ಇದೆ. ಆಗ ಅವರದ್ದು 51 ಆಗುತ್ತದೆ. ಆದ್ದರಿಂದ ಪುಟ ಕೊಡುವ ಮೊದಲು ಸಾಲದ ವಿಷಯ ಮೆಲ್ಲಗೆ ವಿಚಾರಿಸಿಕೋ. (ಗಂಡಹೆಂಡಿರ ವಾಗ್ವಾದ ಹೆಚ್ಚೋ ಕಡಿಮೆಯೋ ಆದರೆ ಆ ಪಟ್ಟಿಯಲ್ಲಿ 35. ಮನೆ ಬದಲಾಯಿಸುವುದಕ್ಕಿಂತ ಜಾಸ್ತಿ. ಮೊದಲ ಪತ್ರ ಬರೆದವರು ಗಮನಿಸಿ.)

ಮನೆ ವಾಪಸ್ ತರಲು ನನ್ನಿಂದಾಗದು. ಆದರೆ ಇನ್ನೂ ತೀರ್ಮಾನವಾಗದ ವಿಷಯಗಳು ಇದ್ದೇ ಇರುತ್ತವೆ. ನಿನ್ನ ಕೋಣೆಯ ಬಣ್ಣ, ಮೇಜು ಯಾವ ಗೋಡೆಗೆ, ಯಾವ ಡಬ್ಬ ಮೊದಲು ಬಿಚ್ಚುವುದು. ಅವನ್ನು ನಿನಗೆ ಬಿಡಲು ಕೇಳು. ಹಳೆ ಗೆಳೆಯರ ಫೋನ್ ನಂಬರು ನೀನೇ ಒಂದು ಪುಸ್ತಕದಲ್ಲಿ ಬರೆದುಕೋ, ಅಮ್ಮನ ಮೊಬೈಲಿನಲ್ಲಿದೆ ಅಂತ ಬಿಡಬೇಡ. ಹೊಸ ಶಾಲೆ ಶುರುವಾಗುವ ಮೊದಲು ಒಂದು ಸಲ ಸುಮ್ನೆ ಹೋಗಿ ನೋಡಿ ಬಾ. ಕಕ್ಕಸು ಎಲ್ಲಿದೆ, ನೀರು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದರೆ ಮೊದಲ ದಿನದ ಅರ್ಧ ಹೆದರಿಕೆ ಹೋಗುತ್ತದೆ.

ಅಪ್ಪ ಅಮ್ಮನಿಗೆ: ಅವಳನ್ನೋ ಅವನನ್ನೋ, ಪತ್ರದಲ್ಲಿ ಹೆಸರಿಲ್ಲ, ‘ಅಲ್ಲಿ ಎಲ್ಲ ಚೆನ್ನಾಗಿರುತ್ತೆ’ ಅಂತ ಸಮಾಧಾನ ಮಾಡಬೇಡಿ. ಏನು ಬಿಟ್ಟು ಹೋಗಲು ಬೇಜಾರು ಅಂತ ಕೇಳಿ, ಹೇಳುವಾಗ ನಡುವೆ ಬಾಯಿ ಹಾಕಬೇಡಿ.

ಪ್ರಶ್ನೆ: ಮಳೆ ಬಂದಾಗ ಹಿಂದಿನ ಕೋಣೆಯ ಗೋಡೆ ಒದ್ದೆಯಾಗುತ್ತದೆ. ಬಣ್ಣ ಹೊಡೆಸಿದರೆ ಕಾಣುವುದಿಲ್ಲ. ಕೊಳ್ಳುವವರು ಕೇಳಿಲ್ಲ. ನಾವಾಗಿ ಹೇಳಬೇಕಾ?

ಉತ್ತರ: ಹೇಳಬೇಕು. ಬರೆದೇ ಕೊಡಿ. ಬಣ್ಣದ ಹಿಂದಿನ ನೀರು ಹೊರಗೆ ಬಂದೇ ಬರುತ್ತದೆ, ಬರುವುದು ಮೊದಲ ಮಳೆಗೆ, ಅಷ್ಟರಲ್ಲಿ ನಿಮ್ಮ ಹೊಸ ವಿಳಾಸ ಅವರ ಹತ್ತಿರ ಇರುತ್ತದೆ. ರಿಪೇರಿಗೆ ಎಷ್ಟಾಗುತ್ತದೆ ಅಂತ ಒಬ್ಬ ಮೇಸ್ತ್ರಿಯಿಂದ ಅಂದಾಜು ಬರೆಸಿ, ಅಷ್ಟನ್ನು ಬೆಲೆಯಲ್ಲಿ ಬಿಟ್ಟುಕೊಡಿ. ಗೊತ್ತಿದ್ದ ದೋಷಕ್ಕೆ ಕೊಳ್ಳುವವರು ಚೌಕಾಸಿ ಮಾಡುತ್ತಾರೆ. ಆಮೇಲೆ ಗೊತ್ತಾದ ದೋಷಕ್ಕೆ ವಕೀಲರ ಹತ್ತಿರ ಹೋಗುತ್ತಾರೆ.

ಪ್ರಶ್ನೆ: ಮನೆ ನೋಡಲು ಬಂದವರು ಬಾಗಿಲ ಹತ್ತಿರವೇ ಮುಖ ಸಿಂಡರಿಸುತ್ತಾರೆ. ಮನೆ ಚೊಕ್ಕಟವಾಗಿದೆ. ನಮಗಂತೂ ಏನೂ ಕಾಣುವುದಿಲ್ಲ.

ಉತ್ತರ: ಕಾಣುವುದಲ್ಲ, ವಾಸನೆ. ಒಂದೇ ವಾಸನೆ ಬಹಳ ಹೊತ್ತು ಮೂಗಿಗೆ ಬಡಿದರೆ ಅದನ್ನು ಗುರುತಿಸುವುದನ್ನೇ ಮೂಗು, ಮೆದುಳು ಎರಡೂ ಬಿಟ್ಟುಬಿಡುತ್ತವೆ. ಅದಕ್ಕೇ ಸ್ವಂತ ಮನೆಯ ವಾಸನೆ ಯಾರಿಗೂ ತಿಳಿಯುವುದಿಲ್ಲ. ಕೆಲವು ದಿನ ಬೇರೆ ಕಡೆ ಇದ್ದು ಬಂದಾಗ ಬಾಗಿಲು ತೆರೆದ ಮೊದಲ ಕ್ಷಣ ತಿಳಿಯುತ್ತದೆ ನೋಡಿ, ಅದೇ ಅವರಿಗೂ ಬಡಿಯುತ್ತಿರುವುದು. ಮುಲಾಜಿಲ್ಲದೆ ಮಾತಾಡುವ ಒಬ್ಬ ಸ್ನೇಹಿತೆಯನ್ನು ಕರೆಯಿರಿ. ಮುಗ್ಗಲು ವಾಸನೆ ಅಂದರೆ ತೇವ ಎಲ್ಲಿದೆ ಅಂತ ಹುಡುಕಿ. ಕಪಾಟುಗಳನ್ನು ಗೋಡೆಯಿಂದ ಸರಿಸಿ ಹಿಂದೆ ನೋಡಿ. ನಾಯಿ ಇದ್ದರೆ ಅದರ ಹಾಸಿಗೆ, ಪರದೆಗಳು, ಸೋಫಾ ಬಟ್ಟೆ ಒಗೆಯಿರಿ. ಸುವಾಸನೆಯ ಸ್ಪ್ರೇ ಮಾತ್ರ ಬೇಡ. ಏನನ್ನೋ ಮುಚ್ಚುತ್ತಿದ್ದಾರೆ ಅನ್ನುವ ಅನುಮಾನ ಅದರಿಂದಲೇ ಬರುತ್ತದೆ.

ಪ್ರಶ್ನೆ: ಮೊದಲು ಮಾರಬೇಕಾ, ಮೊದಲು ಕೊಳ್ಳಬೇಕಾ? ಮನೆಯಲ್ಲಿ ಎರಡು ಪಕ್ಷ ಆಗಿದೆ.

ಉತ್ತರ: ಹೊಸ ಮನೆಯ ದುಡ್ಡು ಹಳೆ ಮನೆಯಿಂದಲೇ ಬರಬೇಕು ಅಂದರೆ ಮೊದಲು ಮಾರಿ. ಇದರಲ್ಲಿ ನನಗೆ ಎರಡನೇ ಅಭಿಪ್ರಾಯವಿಲ್ಲ. ಮೊದಲು ಕೊಂಡವರು ಆಮೇಲೆ ಗಡುವು ಹತ್ತಿರ ಬಂದಾಗ ಸಿಕ್ಕ ಬೆಲೆಗೆ ಮಾರುತ್ತಾರೆ, ಕೊಳ್ಳುವವರಿಗೆ ಆ ಅವಸರ ಮುಖದಲ್ಲೇ ಕಾಣುತ್ತದೆ. ಮೊದಲು ಮಾರಿದರೆ ನಡುವೆ ಸ್ವಲ್ಪ ದಿನ ಬಾಡಿಗೆ ಮನೆ, ಎರಡು ಸಲ ಸಾಮಾನು ಕಟ್ಟುವ ಗೋಳು. ನಿಜ. ಅದನ್ನು ತಪ್ಪಿಸಲು ಒಂದು ದಾರಿಯಿದೆ. ಮಾರಾಟದ ಕರಾರಿನಲ್ಲೇ, ಹಣ ಬಂದ ಮೇಲೂ ಇಂತಿಷ್ಟು ವಾರ ಬಾಡಿಗೆ ಕೊಟ್ಟು ಇಲ್ಲೇ ಇರುತ್ತೇವೆ ಅಂತ ಬರೆಸಿ. ಬಾಡಿಗೆ ಎಷ್ಟು, ಖಾಲಿ ಮಾಡುವ ದಿನ ಯಾವುದು, ಅಷ್ಟರಲ್ಲಿ ಪೈಪು ಒಡೆದರೆ ಖರ್ಚು ಯಾರದ್ದು, ಎಲ್ಲವೂ ಅಲ್ಲಿರಲಿ. ಕೊಳ್ಳುವವರಿಗೆ ಅವಸರವಿಲ್ಲದಿದ್ದರೆ ಬಹಳ ಸಲ ಒಪ್ಪುತ್ತಾರೆ. ಕೇಳದೇ ಇರುವವರಿಗೆ ಸಿಗುವುದಿಲ್ಲ ಅಷ್ಟೆ.

ಪ್ರಶ್ನೆ: ಅಪ್ಪ ನೆಟ್ಟ ದಾಸವಾಳದ ಗಿಡ ಅಂಗಳದಲ್ಲಿದೆ. ಕಿತ್ತುಕೊಂಡು ಹೋಗೋಣ ಅಂತ ತಮ್ಮ ಹೇಳುತ್ತಾನೆ. ಫ್ಯಾನುಗಳನ್ನೂ ಬಿಚ್ಚಿಕೊಳ್ಳುತ್ತಾನಂತೆ. ಮಾರಾಟದ ಮಾತು ಮುಗಿದಿದೆ.

ಉತ್ತರ: ತಮ್ಮನ ಕೈಯಿಂದ ಮೊದಲು ಸ್ಕ್ರೂಡ್ರೈವರ್ ಕಿತ್ತುಕೊಳ್ಳಿ. ಕೊಳ್ಳುವವರು ಮನೆ ನೋಡಿದಾಗ ಗೋಡೆಗೆ, ಸೂರಿಗೆ ಬಿಗಿದಿದ್ದೆಲ್ಲ ಮನೆಯ ಜೊತೆ ಬರುತ್ತದೆ ಅಂತಲೇ ಲೆಕ್ಕ ಹಾಕಿರುತ್ತಾರೆ. ನೆಲದಲ್ಲಿ ಬೇರು ಬಿಟ್ಟದ್ದೂ ಹಾಗೆಯೇ. ಕುಂಡದಲ್ಲಿರುವುದು ನಿಮ್ಮದು. ಫ್ಯಾನು, ದೀಪ, ಪರದೆಯ ಕಂಬಿ, ಬಚ್ಚಲಿನ ಕನ್ನಡಿ, ನೀರಿನ ಹೀಟರು, ಇವುಗಳ ಹೆಸರು ಹೇಳಿ ‘ಇದು ಬಿಡುತ್ತೇವೆ, ಇದು ಒಯ್ಯುತ್ತೇವೆ’ ಅಂತ ಒಂದು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಕೋಟಿ ವ್ಯವಹಾರ ಸರಾಗವಾಗಿ ಮುಗಿದು ಒಂದು ಟಿವಿ ಸ್ಟ್ಯಾಂಡಿಗೆ ಬೀದಿಯಲ್ಲಿ ಕೈಕೈ ಮಿಲಾಯಿಸಿದ್ದನ್ನು ನೋಡಿದ್ದೇನೆ.

ಗಿಡ ಕೀಳಬೇಡಿ. ದೊಡ್ಡ ಗಿಡ ಕಿತ್ತರೆ ಅರ್ಧ ಬೇರು ನೆಲದಲ್ಲೇ ಉಳಿಯುತ್ತದೆ, ಬದುಕುವುದು ಅನುಮಾನ. ದಾಸವಾಳ ಕಡ್ಡಿಯಿಂದಲೇ ಬರುತ್ತದೆ ಅಲ್ವಾ? ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ರೆಂಬೆ ಆರಿಸಿ. ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ನೀರು ಬಸಿಯುವ ಮಣ್ಣಿಗೆ ನೆಟ್ಟು ನೆರಳಿನಲ್ಲಿಡಿ. ಇಲ್ಲವೇ ಗೂಟಿ ಕಟ್ಟಿ. ರೆಂಬೆಯ ಸುತ್ತ ಬೆರಳಗಲ ತೊಗಟೆ ಉಂಗುರದಂತೆ ಬಿಡಿಸಿ, ಒದ್ದೆ ಪಾಚಿ ಸುತ್ತಿ, ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಕಟ್ಟಿ. ಬೇರು ಹೊರಗಿನಿಂದಲೇ ಕಾಣಿಸಿದ ಮೇಲೆ ಕೆಳಗೆ ಕತ್ತರಿಸಿ ಕುಂಡಕ್ಕೆ ಹಾಕಿ. ಇದಕ್ಕೆ ವಾರಗಟ್ಟಲೆ ಬೇಕು, ಆದ್ದರಿಂದ ಈ ಭಾನುವಾರವೇ ಕೂತುಕೊಳ್ಳಿ. ಒಂದಲ್ಲ, ನಾಲ್ಕೈದು ಮಾಡಿ. ಹೀಗೆ ಬಂದದ್ದು ಅಪ್ಪ ನೆಟ್ಟ ಗಿಡದ್ದೇ ಮೈ, ಬೀಜದಿಂದ ಬಂದ ಬೇರೆ ಗಿಡವಲ್ಲ. ತಮ್ಮನಿಗೂ ಒಂದು ಕುಂಡ ಕೊಡಿ.

ಪ್ರಶ್ನೆ: ಸಾಮಾನು ನಾವೇ ಕಟ್ಟುತ್ತೇವೆ. ಏನು ನೋಡಿಕೊಳ್ಳಬೇಕು?

ಉತ್ತರ: ಅಬ್ಬಾ, ಕೊನೆಗೂ ನನ್ನ ಕೆಲಸದ ಪ್ರಶ್ನೆ!

ಎಲ್ಲರೂ ಮಾಡುವ ಎಡವಟ್ಟು ಪುಸ್ತಕಗಳದ್ದು. ದೊಡ್ಡ ಡಬ್ಬ ಸಿಕ್ಕಿತು ಅಂತ ಪುಸ್ತಕ ತುಂಬುತ್ತಾರೆ, ಆಮೇಲೆ ಅದನ್ನು ಎತ್ತಲು ಇಬ್ಬರು ಬೇಕು, ಎತ್ತಿದರೆ ತಳ ಬಿಡುತ್ತದೆ. ಪುಸ್ತಕಕ್ಕೆ ಚಿಕ್ಕ ಡಬ್ಬ. ಯಾವ ಡಬ್ಬವೂ 20 ಕೆಜಿ ದಾಟಬಾರದು. ದೊಡ್ಡ ಡಬ್ಬಕ್ಕೆ ದಿಂಬು, ಹೊದಿಕೆ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬೇಡಿ. ಅಂಚಿನ ಮೇಲೆ ನಿಲ್ಲಿಸಿ, ನಡುವೆ ಕಾಗದ ಕೊಡಿ. ಲಾರಿ ಕುಲುಕಿದಾಗ ಮಲಗಿದ ತಟ್ಟೆಯ ಮೇಲೆ ಮೇಲಿನವುಗಳ ಭಾರವೆಲ್ಲ ಬೀಳುತ್ತದೆ, ನಿಂತ ತಟ್ಟೆ ತಡೆದುಕೊಳ್ಳುತ್ತದೆ.

ಡಬ್ಬದ ಮೇಲೆ ಬರೆಯಬೇಡಿ, ಪಕ್ಕಕ್ಕೆ ಬರೆಯಿರಿ. ಒಂದರ ಮೇಲೊಂದು ಪೇರಿಸಿದ ಮೇಲೆ ಮೇಲಿನ ಬರಹ ಯಾರಿಗೆ ಕಾಣುತ್ತದೆ? ಬರೆಯುವುದು ಹೊಸ ಮನೆಯ ಕೋಣೆಯ ಹೆಸರು, ಹಳೆ ಮನೆಯದ್ದಲ್ಲ. ‘ಅಟ್ಟದ ಸಾಮಾನು’ ಅಂತ ಬರೆದ ಡಬ್ಬ ಅಟ್ಟವೇ ಇಲ್ಲದ ಮನೆಗೆ ಬಂದಿಳಿದರೆ ಹೊತ್ತವನು ಏನು ಮಾಡಬೇಕು? ಮಂಚ, ಮೇಜು ಬಿಚ್ಚಿದಾಗ ಅದರ ಬೋಲ್ಟುಗಳನ್ನು ಒಂದು ಚೀಲಕ್ಕೆ ಹಾಕಿ ಅದೇ ಮಂಚಕ್ಕೆ ಅಂಟಿಸಿ. ಟಿವಿಯ ಹಿಂದಿನ ವೈರುಗಳದ್ದು ಬಿಚ್ಚುವ ಮೊದಲೇ ಒಂದು ಫೋಟೋ ಇರಲಿ.

ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ, ಮಂಜು ಕರಗಿಸಿ, ಒಣಗಿಸಿ. ನಿಲ್ಲಿಸಿಯೇ ಸಾಗಿಸಿ. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ತಂಪು ಮಾಡುವ ಕೊಳವೆಗಳಿಗೆ ಹರಿಯುತ್ತದೆ. ಮಲಗಿಸದೆ ದಾರಿಯೇ ಇರಲಿಲ್ಲ ಅಂದರೆ ಹೊಸ ಮನೆಯಲ್ಲಿ ಒಂದು ದಿನ ಸುಮ್ನೆ ನಿಲ್ಲಿಸಿ, ಆಮೇಲೆ ಸ್ವಿಚ್ಚು ಹಾಕಿ. ಮುಂದಿನಿಂದ ಬಾಗಿಲಿರುವ ವಾಷಿಂಗ್ ಮಷೀನಿಗೆ, ಕೊಂಡಾಗ ಹಿಂದೆ ಉದ್ದನೆಯ ಬೋಲ್ಟುಗಳಿದ್ದವು, ನೆನಪಿದೆಯಾ? ಒಳಗಿನ ಡ್ರಮ್ಮು ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ದಾರಿಯಲ್ಲಿ ಅದು ಹೊಯ್ದಾಡಿ ಹಾಳಾಗದಿರಲಿ ಅಂತ ಕೊಟ್ಟ ಬೋಲ್ಟು ಅವು. ಹುಡುಕಿ ಹಾಕಿ. ಹೊಸ ಮನೆಯಲ್ಲಿ ಬಟ್ಟೆ ಒಗೆಯುವ ಮೊದಲು ಮರೆಯದೆ ತೆಗೆಯಿರಿ. ತೆಗೆಯದೆ ಚಾಲೂ ಮಾಡಿದ ಮನೆಯೊಂದರಲ್ಲಿ ಮಷೀನು ಹಾಲಿನವರೆಗೆ ನಡೆದುಕೊಂಡು ಬಂದಿತ್ತು.

ಮನೆಪತ್ರ, ಒಡವೆ, ಔಷಧಿ, ಚಾರ್ಜರು ಲಾರಿಗೆ ಹಾಕಬೇಡಿ, ಕೈಯಲ್ಲಿರಲಿ. ಪೇಂಟು, ಸೀಮೆಎಣ್ಣೆಯಂಥವೂ ಲಾರಿಗೆ ಬೇಡ. ಮೊದಲ ರಾತ್ರಿಗೆ ಬೇಕಾದ್ದೆಲ್ಲ ಒಂದೇ ಡಬ್ಬದಲ್ಲಿರಲಿ: ಸೋಪು, ಟವೆಲು, ಒಂದು ಬಕೆಟ್ಟು, ಬಲ್ಬು, ಟಾರ್ಚು, ಚಾಕು. ಚಾಕು ಯಾಕೆ? ಉಳಿದ ಡಬ್ಬ ಬಿಚ್ಚಲು.

ಪ್ರಶ್ನೆ: ನಮ್ಮ ಬೆಕ್ಕು ಹಳೆ ಮನೆಗೇ ಓಡಿಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ.

ಉತ್ತರ: ಹೆದರಿಸುವುದರಲ್ಲಿ ನಿಜ ಇದೆ. ಬೆಕ್ಕಿಗೆ ಜಾಗದ ಮೇಲೇ ಜೀವ. ಅದು ಕೆನ್ನೆಯನ್ನು ಬಾಗಿಲು, ಮೇಜಿನ ಕಾಲಿಗೆ ತಿಕ್ಕುತ್ತದಲ್ಲ, ಅದು ತನ್ನ ವಾಸನೆ ಹಚ್ಚಿ ಗುರುತು ಮಾಡುವುದು. ಹೊಸ ಮನೆಯಲ್ಲಿ ಆ ಗುರುತು ಒಂದೂ ಇರುವುದಿಲ್ಲ. ಆದ್ದರಿಂದ ಅದರ ಹಾಸಿಗೆ ಒಗೆಯದೆ ಹಾಗೇ ತನ್ನಿ. ಸಾಮಾನು ಇಳಿಸುವಾಗ ಅದನ್ನು ಒಂದು ಕೋಣೆಯಲ್ಲಿ ಬಾಗಿಲು ಹಾಕಿ ಇರಿಸಿ, ಬಾಗಿಲಿಗೆ ಚೀಟಿ ಅಂಟಿಸಿ, ಇಲ್ಲದಿದ್ದರೆ ಹಮಾಲರು ತೆರೆದೇ ತೆರೆಯುತ್ತಾರೆ. ಕೆಲವು ದಿನ ಆ ಕೋಣೆ, ಆಮೇಲೆ ಉಳಿದ ಕೋಣೆಗಳು. ಹೊರಗೆ ಬಿಡುವುದು ಎರಡು ಮೂರು ವಾರದ ಮೇಲೆಯೇ, ಅದೂ ಹಸಿದಿದ್ದಾಗ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ. ಹೊಸ ಯಜಮಾನರಿಗೆ ನಿಮ್ಮ ನಂಬರು ಕೊಟ್ಟಿರಿ, ‘ಬಂದರೆ ಊಟ ಹಾಕಬೇಡಿ, ಫೋನ್ ಮಾಡಿ’ ಅಂತ ಹೇಳಿ. ಅಲ್ಲಿ ಒಮ್ಮೆ ಊಟ ಸಿಕ್ಕಿತೋ, ಅದರ ದೃಷ್ಟಿಯಲ್ಲಿ ಮನೆ ಮಾರಾಟವೇ ಆಗಿಲ್ಲ.

ಪ್ರಶ್ನೆ: ಮನೆ ಮಾರಿ ಬಂದು ಆರು ತಿಂಗಳಾಯಿತು. ಹಳೆ ಮನೆಯ ಒಂದು ಬೀಗದಕೈ ನನ್ನ ಹತ್ತಿರ ಉಳಿದುಬಿಟ್ಟಿದೆ. ನೆನಪಿಗೆ ಇಟ್ಟುಕೊಳ್ಳಲಾ? ಯಾರಿಗೂ ಗೊತ್ತಿಲ್ಲ.

ಉತ್ತರ: ಕೊಟ್ಟುಬಿಡಿ. ನೆನಪಿಗೆ ಒಂದು ಫೋಟೋ ಇಟ್ಟುಕೊಳ್ಳಿ. ಆ ಮನೆಯಲ್ಲಿ ನಾಳೆ ಒಂದು ಚಮಚ ಕಳೆದುಹೋದರೂ ಈ ಕೀಲಿಗೆ ನೀವು ಉತ್ತರ ಹೇಳಬೇಕಾಗುತ್ತದೆ.

ಮನೆ ಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೋದ ದಿನವೇ ಬೀಗ ಬದಲಾಯಿಸಿ. ಇಂಥ ಪತ್ರ ನನಗೆ ಬರುತ್ತಿರುವುದು ಇದೇ ಮೊದಲಲ್ಲ.